ಕಾಲಂ ಹನ್ನೊಂದು

ಹತ್ತರ ತನಕ ಬರಸಲಿಕ್ಕೆ ಏನೂ ತ್ರಾಸ ಆಗಲಿಲ್ಲ.
ಮಾಲಕರ ಹೆಸರು: ಚಂದಮ್ಮ, ಗಂಡ ಭೀಮಶಾ.
ಊರು ಶಹಾಬಾದ. ಧಂದೆ, ಫರಸಿ ಕೊಯ್ಯೋದು, ಉಜ್ಜೋದು.
ಮಷೀನು ಎರಡು. ಆಳು ಒಂಬತ್ತು, ಹಬ್ಬ ಬಂದರ ಆರು.
ಕರೆಂಟು ಇಷ್ಟು, ಇದ್ದಾಗ.
ನೀರು ಇಷ್ಟು. ಕೆಸರು ಇಷ್ಟು.
ಅದನ್ನ ಎಲ್ಲಿ ಬಿಡ್ತೀರಿ ಅಂತ ಕೇಳಿದ್ದಕ್ಕ
ಗುಂಡಿ ಅದ, ಗುಂಡಿಗಿ ಗ್ವಾಡಿ ಅದ, ಅಂದೆ.
ಗ್ವಾಡಿ ಅರ್ಧ ಎದ್ದಿತ್ತು.
ಬರಿಯೋದರಾಗ ಪೂರಾ ಎದ್ದುಬಿಟ್ಟಿತು.

ಹನ್ನೊಂದಕ್ಕ ಬಂದು
ಝೆರಾಕ್ಸ್ ಅಂಗಡಿ ಪ್ರಲ್ಹಾದ ಬೆರಳು ಎತ್ತಿದ:
‘ಅತೀ ಸಮೀಪದ ಜಲಮೂಲ ಎಷ್ಟು ದೂರ?’

ಕಾಗಿಣಾ ಒಂದು ಹರದಾರಿ, ಅಂದೆ.
ಅವ ಕಂಪ್ಯೂಟರ್ ನನ್ನ ಕಡೆ ತಿರುಗಿಸಿದ.
ಮ್ಯಾಲಿನಿಂದ, ಹದ್ದು ನೋಡಿದಂಗ,
ನಮ್ಮ ಶೆಡ್ಡಿನ ತಗಡು ಒಂದು ಕಡ್ಡಿಪೆಟ್ಟಿಗಿ,
ಅದರ ಮಗ್ಗಲಕೇ
ಹಸರು ನೀಲಿ ಒಂದು ಕಣ್ಣು.

ಅದು ಕೆರಿ ಅಲ್ಲೋ ತಮ್ಮಾ,
ಅದು ನಮ್ಮಪ್ಪ.

ಹಾರಿ, ಉಳಿ, ಸುತ್ತಿಗಿ.
ಹದಿನೆಂಟು ವರ್ಷ ಆ ಖಣಿಯೊಳಗ
ಬುಕ್ಕಿನ ಹಾಳಿ ತಿರುವಿದಂಗ ಕಲ್ಲು ತಿರುವ್ಯಾನ,
ಓದಲಿಕ್ಕೆ ಬರತಿದ್ದಿಲ್ಲ.
ಆ ಹಾಳಿಗೋಳು ಈಗ ಯಾರ ಪಡಸಾಲಿನೋ,
ಯಾವ ಸ್ಟೇಷನ್ನಿನ ಪ್ಲಾಟಫಾರ್ಮೋ,
ಯಾವಾಕಿ ಅದರ ಮ್ಯಾಲ ಕುಂತು ರೊಟ್ಟಿ ಬಡೀತಾಳೋ.
ಒಂದಿನ ‘ತಳ ಹತ್ತಿತು’ ಅಂದು ಮ್ಯಾಲ ಬಂದ.
ಆ ಮಳಿಗಾಲ ಪಂಪು ಹಚ್ಚೋರು ಇದ್ದಿಲ್ಲ.
ನೀರು ಬಂದು ಕುಂತಿತು,
ಯಾರ ಪರವಾನಗಿನೂ ಕೇಳಲಾರದ.

‘ಸಿಸ್ಟಮ್ಮಿಗಿ ಅಪ್ಪ ತಿಳಿಯಂಗಿಲ್ಲ ಅಕ್ಕಾ,
ನೀರಿದ್ದರ ನೀರು.’

ನಾ ನಡದು ನೋಡೀನಿ.
ಗೇಟಿನಿಂದ ದಂಡಿಗಿ ನಲವತ್ತೊಂದು ಹೆಜ್ಜಿ,
ನೆರಳು ಹಿಡದು ಹೋದರ ನಲವತ್ಮೂರು.
ಕಾಯ್ದೆದ ಹೆಜ್ಜಿ ನನ್ನಕಿಂತ ಉದ್ದ.

ಮಂಡಳಿಯಾಕಿ ಬುಧವಾರ ಬಂದಳು. ಸಣ್ಣ ವಯಸ್ಸು.
ಚಪ್ಪಲಿಗಿ ಬಿಳಿ ರಾಡಿ ಹತ್ತಿದರೂ ಮಾರಿ ಗಂಟು ಹಾಕಲಿಲ್ಲ.
ಚಾ ಒಲ್ಲೆ ಅಂದಳು.
ಖಣಿ ನೀರು ಬಾಟ್ಲಿಗಿ ತುಂಬಿ ಬಿಸಿಲಿಗಿ ಹಿಡದಳು.
ನಾನೂ ನೋಡಿದೆ.
ಹಾಲಿನ ಬೋಗುಣಿ ತೊಳದ ನೀರಿನಂಗಿತ್ತು.
ಮೂವತ್ತು ವರ್ಷ ಅದರ ಮುಂದ ಕುಂತು ಉಂಡೀನಿ,
ಬಾಟ್ಲಿಯೊಳಗ ನೋಡಿದ್ದಿಲ್ಲ.

‘ಇಲ್ಲಿ ಮಕ್ಕಳು ಈಜುತ್ತಾರಾ?’
ಮೈನೋದ್ದೀನ ನೆಲ ನೋಡಿದ.
ಅದೇ ಹೊತ್ತಿಗಿ ಅವನ ಸಣ್ಣವ
ಆಚೆ ದಂಡಿಯಿಂದ ಜಿಗದ, ಧಡಮ್ಮಂತ.
ಜವಾಬು ಬರಸೋದು ಬೀಳಲಿಲ್ಲ.

ಏಳು ತಿಂಗಳಾತು.
ಫೈಲು ಕಲಬುರಗಿಗಿ ಹೋತು, ಬೆಂಗಳೂರಿಗಿ ಹೋತು,
ಒಂದು ಪ್ರಶ್ನಿ ಹೊತ್ತಗೊಂಡು ತಿರುಗಿ ಬಂತು.
ಸಮ್ಮತಿ ಪತ್ರ ಇಲ್ಲದ ಹೊಸ ಮಷೀನಿಗಿ ಸಾಲ ಇಲ್ಲ, ಬ್ಯಾಂಕಿನವ.
ಹೊಸ ಮಷೀನ ಇಲ್ಲದ ಸಮ್ಮತಿ ಇಲ್ಲ, ಇವರು.
ರೋಡಿನ ಆಚೆ ಸಿಮೆಂಟ ಕಾರಖಾನಿಯೊಳಗ
ಅರ್ಜಿ ಬರೀಲಿಕ್ಕೇ ಒಂದು ಖೋಲಿ ತುಂಬ ಮಂದಿ ಇದ್ದಾರಂತ.
ಅವರ ಕಾಲಂ ಹನ್ನೊಂದು ಹ್ಯಾಂಗ ತುಂಬತದೋ,
ಅವರ ಧೂಳಂತೂ ನಾ ಒಗದ ಅರಿವಿ ಮ್ಯಾಲ ಬಂದು ಕುಂದ್ರತದ.
ಬಾಜೂ ಯುನಿಟ್ಟಿನ ಶಂಕ್ರೆಪ್ಪ ಷಟರ್ ಇಳಿಸಿ
ಟೈಲ್ಸ್ ಏಜೆನ್ಸಿ ಹಿಡದ.
ಟೈಲ್ಸಿನ ಮ್ಯಾಲ ಛಾಪಿಸಿದ್ದು
ನಮ್ಮ ಫರಸಿದೇ ಬಣ್ಣ, ನಮ್ಮ ಫರಸಿದೇ ಗೆರಿ.

ಮೊನ್ನೆ ಉಳದರ್ಧ ಗ್ವಾಡಿ ಎಬ್ಬಿಸಿದೆವು,
ಒಡದ ಫರಸಿ ಹಚ್ಚಿ, ಯಾರೂ ಬಂದು ನೋಡೋಕಿಂತ ಮೊದಲ.
ಸಂಜಿತನ ಕೆಸರು ಒಳಗೇ ನಿಂತಿತು.
ಖಣಿ ಇನ್ನೂ ಬೆಳ್ಳಗೇ ಅದ.

ಇವತ್ತು ಪ್ರಲ್ಹಾದ ಫೋನ ಮಾಡಿದ:
ಅದೊಂದು ಖಾಲಿ ಬಿಟ್ಟರ ತಗೊಳ್ಳಂಗಿಲ್ಲ.
ಬರಿ, ನಲವತ್ತೊಂದು ಹೆಜ್ಜಿ.
ಹೆಜ್ಜಿ ನಡಿಯಂಗಿಲ್ಲ ಅಕ್ಕಾ, ಮೀಟರ್ ಬೇಕು.

ಟೇಪು ಹುಡಕಿದೆ.
ಆಚೆ ತುದಿ ಹಿಡೀಲಿಕ್ಕೆ ನೀರಿನ ಬಲ್ಲಿ ಒಬ್ಬರು ನಿಂದರಬೇಕಿತ್ತು.
ಮೈನೋದ್ದೀನನ ಸಣ್ಣವ ಓಡಿ ಬಂದು ಹಿಡದ,
ಅವನ ಕೂದಲಿನ ನೀರು
ಟೇಪಿನ ಸೊನ್ನಿ ಮ್ಯಾಲ ತೊಟ್ಟಿಕ್ಕತಿತ್ತು.