ತೂತಿಲ್ಲದ ಗುಂಡಿ

ಮೊದಲ ಮಳೆ ಬಿದ್ದ ಮಾರನೇ ದಿನ
ಹೊಲಿಗೆ ಮಿಷಿನ್ನಿಗೆ ಮುಸುಕು ಹಾಕಿ
ಬುತ್ತಿ ಕಟ್ಟಿಕೊಂಡು ಆದೋನಿಯಲ್ಲಿ ಬಸ್ಸು ಹತ್ತುತ್ತೇನೆ.
ತುಗ್ಗಲಿಯ ಕೆಂಪು ಹೊಲ. ಬಗ್ಗಿದ ಬೆನ್ನುಗಳು ನೂರಾರು.
ಯಾರೂ ಯಾರ ಮುಖವನ್ನೂ ನೋಡುವುದಿಲ್ಲ.

ಗಾದಿಲಿಂಗ ಮಾವನಿಗೆ ಇಲ್ಲೇ ಸಿಕ್ಕಿತ್ತಂತೆ ವಜ್ರ,
ಒಂದಕ್ಕೆ ಕೂತಾಗ.
ಹುಡುಕಲು ಬಂದವನೇ ಅಲ್ಲ ಅವನು,
ತಪ್ಪಿಸಿಕೊಂಡ ಮೇಕೆಯ ಹಿಂದೆ ಬಂದವನು.
ಮೇಕೆ ಸಿಗಲಿಲ್ಲವೆಂದು
ಈಗಲೂ ಪೇಚಾಡುತ್ತಾನೆ, ಮಾಳಿಗೆ ಮನೆಯಲ್ಲಿ ಕೂತು.

ಸಂಜೆ ನನ್ನ ಉಗುರಿಗೂ ಒಂದು ತಾಗಿತು:
ಅಲಸಂದೆ ಕಾಳಿನಷ್ಟು,
ಉಗುಳು ಹಚ್ಚಿ ಒರೆಸಿದರೆ ಒಳಗೆಲ್ಲೋ ಬೆಳಕು.

ಗುಂತಕಲ್ಲಿನ ಲಾಡ್ಜಿನಲ್ಲಿ ಸೇಠು ಕಾಯುತ್ತಿರುತ್ತಾನೆ
ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು.
ಅವನು ಗಾಜು ಅಂದರೆ ಗಾಜು, ವಜ್ರ ಅಂದರೆ ವಜ್ರ.
ಈ ಮಾತುಗಳಿಗೂ ಮುಂಚೆ
ಕಲ್ಲು ಎಷ್ಟು ಕಾಲ ಏನಾಗಿತ್ತೋ ಮಣ್ಣಿನಡಿ!

ಮುಷ್ಟಿ ಬೆವೆತಿತ್ತು. ಕಂಡಕ್ಟರ್ ಎಲ್ಲಿಗೆ ಎಂದ.
ಗುಂತಕಲ್ ಅನ್ನಬೇಕಾದವಳು
ಆದೋನಿ ಅಂದೆ.

ಈಗ ಅದು ಗುಂಡಿಗಳ ಡಬ್ಬಿಯಲ್ಲಿದೆ,
ಬಿಳಿಯವು, ಕಂದಿನವು, ಒಂಟಿಯಾದವುಗಳ ನಡುವೆ.
ರಸೂಲ್‌ಬಿಯ ಮೊಮ್ಮಗ ನಿನ್ನೆ ಕೆದಕಿ ತೆಗೆದು
“ತೂತೇ ಇಲ್ಲ, ಯಾವ ಅಂಗೀದಕ್ಕಾ ಇದು?”
“ಆ ಅಂಗಿ ಇನ್ನೂ ಹೊಲಿದಿಲ್ಲಪ್ಪಾ,” ಅಂದೆ.
ಸೂಜಿಗೆ ದಾರ ಪೋಣಿಸುತ್ತಿದ್ದೆ,
ಮೂರು ಸಲ ತಪ್ಪಿತು.