ಹಿಗ್ಗು

ಮೊಖೊತ್ಲಾಂಗಿನ ಮೇಲು ಕಣಿವೆಗೆ ಜುಲೈಯಲ್ಲಿ ಹಿಮ.
ಕುದುರೆಯ ಮೇಲೆ ಬರುತ್ತಾರೆ ಬಸುರಿಯರು,
ಹೊದ್ದ ಕಂಬಳಿಗೆ ಎದೆಯ ಹತ್ತಿರ ಒಂದು ದೊಡ್ಡ ಪಿನ್ನು.
ಸೂಲಗಿತ್ತಿ ಮಾಲಿಕೆಲೆಲಿ ಅಂಗೈ ಉಜ್ಜಿ ಬೆಚ್ಚಗಾಗಿಸಿ
ಹೊಟ್ಟೆಯ ಮೇಲೆ ದರ್ಜಿಯ ಟೇಪು ಹಾಸುತ್ತಾಳೆ:
"ಮೂವತ್ತಾರು!"
ಬರೆದುಕೊಳ್ಳುತ್ತೇನೆ. ನನಗೆ ಸಂಬಳ ಅದಕ್ಕೇ.

ಆಮೇಲೆ ಅವಳು ಟೇಪು ಸುತ್ತಿಟ್ಟು
ಬರಿಗೈಯಲ್ಲಿ ಇನ್ನೊಮ್ಮೆ ಒತ್ತಿ ನೋಡಿ ಗೊಣಗುತ್ತಾಳೆ:
"ಮೂರು ಕಿಲೋ. ಮೇಲೊಂದು ಹಿಡಿ."
ಅದನ್ನೂ ಬರೆಯುತ್ತೇನೆ, ಅಂಚಿನಲ್ಲಿ, ಪೆನ್ಸಿಲ್ಲಿನಲ್ಲಿ.
ಅದಕ್ಕೆ ಕಾಲಂ ಇಲ್ಲ.

ಮೂರು ವರ್ಷ, ಇನ್ನೂರ ಹನ್ನೆರಡು ಕೂಸು.
ಅಡ್ಡಕ್ಕೆ ಸೆಂಟಿಮೀಟರು, ಉದ್ದಕ್ಕೆ ತೂಕ;
ಚುಕ್ಕಿಗಳ ನಡುವೆ ಒಂದು ಗೆರೆ ಎಳೆದೆ
ಯಾರಿಗೂ ತೀರ ದೂರವಾಗದಂತೆ.
ಸೆಂಟಿಮೀಟರಿಗೆ ನೂರ ಹತ್ತು ಗ್ರಾಂ, ಎಂದಿತು ಗೆರೆ,
ಸಂತೆಯ ದಲ್ಲಾಳಿಯ ಹಾಗೆ, ಖಡಾಖಂಡಿತ.

ಗೆರೆ ಹೇಳಿದ್ದನ್ನು ತಕ್ಕಡಿ ಹೇಳಿದ್ದರಿಂದ ಕಳೆದೆ.
ಉಳಿದದ್ದು ಶೇಷ.
ಒಬ್ಬನಿಗೆ ಇನ್ನೂರು ಹೆಚ್ಚು, ಒಬ್ಬಳಿಗೆ ತೊಂಬತ್ತು ಕಮ್ಮಿ.
ಎಲ್ಲ ಕೂಡಿದರೆ ಸೊನ್ನೆ. ಬೀಗಬೇಡಿ;
ಎಂಥ ದಡ್ಡ ಗೆರೆಗೂ ಕೂಡಿದರೆ ಸೊನ್ನೆಯೇ ಬರುವಂತೆ
ಲೆಕ್ಕವನ್ನು ಮೊದಲೇ ಕಟ್ಟಿರುತ್ತಾರೆ.
ವರ್ಗ ಮಾಡಿ ಕೂಡಿದಾಗಲೇ ಬಾಯಿ ಬಿಡುತ್ತದೆ ತಪ್ಪು.

ಒಂದೇ ಒಂದು ಚುಕ್ಕಿ ಗೆರೆಯ ಮೇಲೇ ಕೂತಿತ್ತು,
ಶೇಷ ಸೊನ್ನೆ, ಕೂದಲೆಳೆ ಆಚೀಚೆಯಿಲ್ಲ.
ತೋರಿಸಿದೆ. ಅವಳು ನಕ್ಕು ನಕ್ಕು ಕೆಮ್ಮಿದಳು.
"ಥಾಬೆಲಾಂಗಳ ಮಗ! ದಾರಿಯಲ್ಲೇ ಹುಟ್ಟಿದ,
ಉಣ್ಣೆ ತೂಗುವ ಕೊಕ್ಕೆಗೆ ತೂಗುಹಾಕಿದೆವು, ಕಂಬಳಿ ಸಮೇತ.
ಟೇಪು ಹಿಡಿದದ್ದು ಅವಳ ಗಂಡ, ಕತ್ತಲಲ್ಲಿ."

ಕೂಸುಗಳನ್ನು ಸೆಂಟಿಮೀಟರಿನ ಸಾಲಿನಲ್ಲಿ ನಿಲ್ಲಿಸಿ
ಶೇಷಗಳನ್ನು ಹರಡಿದೆ: ಅಂಗಳಕ್ಕೆ ಚೆಲ್ಲಿದ ಜೋಳ,
ಆಕಾರವಿಲ್ಲ, ಗುಟ್ಟಿಲ್ಲ. ಸರಿ, ಹಾಗೇ ಇರಬೇಕು.
ಹುಟ್ಟಿದ ತಾರೀಖಿನ ಸಾಲಿನಲ್ಲಿ ನಿಲ್ಲಿಸಿದೆ:
ಜೋಳ ಎದ್ದು ಗುಡ್ಡ ಹತ್ತತೊಡಗಿತು.
ಮೊದಲ ವರ್ಷದವರು ಹೆಚ್ಚಾಗಿ ಗೆರೆಯ ಕೆಳಗೆ,
ಈಚಿನವರು ಮೇಲೆ, ಮೆಲ್ಲಗೆ, ನಿಯತ್ತಾಗಿ,
ಆ ತುದಿಯಿಂದ ಈ ತುದಿಗೆ ಇನ್ನೂರ ಇಪ್ಪತ್ತು ಗ್ರಾಂ.

ಮಸೇರುವಿನ ಕಚೇರಿಗೆ ಕಾಗದ ಬರೆದೆ.
ಉತ್ತರ ಬೇಗ ಬಂತು, ಸಂತೋಷದಲ್ಲಿ:
ನಮ್ಮ ಹುರುಳಿಕಾಯಿ ಯೋಜನೆಯ ಫಲ, ಕೂಸುಗಳು ದಪ್ಪಗಾಗುತ್ತಿವೆ,
ಫೋಟೋ ಕಳಿಸಿ.

ಮಾಲಿಕೆಲೆಲಿ ಕಾಗದವನ್ನು ಎರಡು ಸಲ ಓದಿಸಿಕೊಂಡಳು.
"ದಪ್ಪವೆ? ನನ್ನ ಕೈಗೆ ಗೊತ್ತಾಗದೆ?"
ಅಂಚಿನ ಪೆನ್ಸಿಲ್ ಅಂಕಿಗಳನ್ನು ತೆಗೆದು ಕಳೆದೆ, ವರ್ಗ ಮಾಡಿದೆ.
ಅವಳ ತಪ್ಪುಗಳೂ ಸಣ್ಣವಲ್ಲ, ಆದರೆ ನನ್ನವಕ್ಕಿಂತ ಸಣ್ಣವು,
ತಾರೀಖಿನ ಸಾಲಲ್ಲೂ ಚೆಲ್ಲಿದ ಜೋಳವೇ,
ಯಾವ ಗುಡ್ಡವನ್ನೂ ಹತ್ತುವುದಿಲ್ಲ.

ಆಗ ಟೇಪಿನ ಮೇಲೆ ಕಣ್ಣು ಬಿತ್ತು.
ಪೇಟೆಯಿಂದ ಹೊಸದು ತರಿಸಿ ಪಕ್ಕಕ್ಕೆ ಹಾಸಿದೆ:
ಹೊಸದರ ಮೂವತ್ತಾರಕ್ಕೆ ಹಳೆಯದು ಮೂವತ್ತನಾಲ್ಕು.
ಬಟ್ಟೆ. ಎಳೆದೂ ಎಳೆದೂ, ಒಗೆದೂ ಒಗೆದೂ,
ದಿನಕ್ಕೊಂದು ಎಳೆಯಷ್ಟು, ಯಾರಿಗೂ ಹೇಳದೆ.
ಕೂಸುಗಳು ಇದ್ದಷ್ಟೇ ಇದ್ದವು.

ಹೊಸ ಟೇಪಿಗೆ ಹೊಸ ಗೆರೆ. ಇದರ ಶೇಷಗಳನ್ನು
ತಿಂಗಳಿಗೊಮ್ಮೆ ತಾರೀಖಿನ ಸಾಲಲ್ಲಿ ನಿಲ್ಲಿಸುತ್ತೇನೆ.
ಪೆನ್ಸಿಲ್ ಅಂಕಿಗಳಿಗೆ ಒಂದು ಕಾಲಂ ಎಳೆದಿದ್ದೇನೆ, ಶಾಯಿಯಲ್ಲಿ.
ಮಸೇರುವಿಗೆ ಇನ್ನೂ ಬರೆದಿಲ್ಲ. ಬರೆಯಬೇಕು.

ಹಳೆಯದನ್ನು ಎಸೆಯಲು ಹೋದರೆ ಕೈ ಹಿಡಿದಳು.
ಈಗ ಅದು ಅವಳ ಕಂಬಳಿಯ ಮೇಲೆ, ಸೊಂಟಕ್ಕೆ, ಗಂಟು.
ಇನ್ನೂರ ಹನ್ನೆರಡು ಬಸಿರ ಮೇಲೆ ಹಾದು ಬಂದ ಬಟ್ಟೆ,
ಹಿಗ್ಗದೆ ಏನು ಮಾಡೀತು?