ಉಳಿದ ಸುಣ್ಣ

ನಾಳೆ ಸತ್ತವರ ದಿನ.
ಹಂಡೆಯಲ್ಲಿ ಸುಟ್ಟ ಚಿಪ್ಪು, ಪಕ್ಕದಲ್ಲಿ ಕೊಡ ನೀರು.
ಸುರಿಯಲು ಧೈರ್ಯ ಸಾಲದೆ ಕೂತಿದ್ದೇನೆ, ಮಾಂಯ್.
ಹದಿನೆಂಟು ವರ್ಷ ಸುರಿದವಳು ನೀನು,
ಸೆರಗಿನಲ್ಲಿ ಮುಖ ಮುಚ್ಚಿ ಹಿಂದೆ ಸರಿದವಳು ನಾನು.

ಇವು ನೀನೇ ಹೆಕ್ಕಿದ ತಿಸ್ರೆ.
ಕಾಳಿಯ ಇಳಿತದಲ್ಲಿ, ಸುಂಕೇರಿಯ ಕೆಳಗೆ,
ಸೊಂಟದ ತನಕ ನೀರಲ್ಲಿ ನಿಂತು
ಕಾಲ ಬೆರಳಲ್ಲೇ ತಡಕಿ ತೆಗೆದದ್ದು.
ತಿರುಳು ನಮ್ಮ ಹೊಟ್ಟೆಗೆ ಹೋಯಿತು,
ಚಿಪ್ಪು ಬಾವಿಕಟ್ಟೆಯ ಹಿಂದೆ ರಾಶಿ ಬಿತ್ತು.
ಫೆಬ್ರವರಿಯಲ್ಲಿ ನೀನು ಹೋದೆ.
ರಾಶಿ ಹಾಗೇ ಇತ್ತು.
ಜುಲೈಯಲ್ಲಿ ಅದರ ಮೇಲೆ ಮಳೆ ಬಿದ್ದ ಸದ್ದಿಗೆ
ಹಿತ್ತಲಲ್ಲಿ ಯಾರೋ ತಟ್ಟೆ ಜೋಡಿಸುತ್ತಿದ್ದಾರೆ ಅನಿಸುತ್ತಿತ್ತು.

ನಿನಗೆ ಗೊತ್ತಿಲ್ಲದ್ದು ಹೇಳುತ್ತೇನೆ:
ಪೆಟ್ಟಿಗೆ ಇಳಿಸುವಾಗ ನಾನು ಅಳಲಿಲ್ಲ.
ಪಾದ್ರಿಗಳು ನಿರೀಕ್ಷೆಯ ಮಾತಾಡಿದರು, ಚೆನ್ನಾಗಿಯೇ ಮಾತಾಡಿದರು.
ನನ್ನ ಕಣ್ಣು ಮಾತ್ರ ಹಗ್ಗದ ಮೇಲೆ.
ಎಡಗಡೆಯದು ಜಾರುತ್ತಿತ್ತು, ಕೈತಾನನ ಕೈ ನಡುಗುತ್ತಿತ್ತು.
ಅತ್ತದ್ದು ಎಂಟನೇ ದಿನ,
ಉಪ್ಪಿನ ಮರಿಗೆಯಲ್ಲಿ ನಿನ್ನ ಬೆರಳಿನ ಗುಳಿ ಕಂಡಾಗ.
ಅದನ್ನು ಮುಟ್ಟದೆ ಬದಿಯಿಂದ ಕೆರೆದು ಅಡುಗೆ ಮಾಡಿದೆ.
ಜೂನಿನಲ್ಲಿ ಉಪ್ಪು ನೀರೊಡೆದು
ಅದೂ ಹೋಯಿತು.

ಸರಿ, ಸುರಿದೆ.
ಒಂದು ಕ್ಷಣ ಏನೂ ಇಲ್ಲ.
ಆಮೇಲೆ ಸಣ್ಣಗೆ ಚಿಟಿ, ಚಿಟಿ,
ಬುಡದಿಂದ ಒಂದು ಗೊರಗೊರ,
ಬೆಂಕಿಯಿಲ್ಲದೆ ಹಂಡೆ ಕುದಿಯತೊಡಗಿತು.
"ನೋಡು" ಅನ್ನುತ್ತಿದ್ದೆ ನೀನು, ಪ್ರತಿ ವರ್ಷ ಅದೇ ಮಾತು,
"ಒಳಗಿನದು ಸತ್ತಿತು, ನಾವು ತಿಂದೆವು, ಚಿಪ್ಪು ಸುಟ್ಟೆವು.
ಇನ್ನೇನು ಉಳಿದಿದೆ ಅಂದರೆ,
ಏಳಲಿಕ್ಕೆ ಇಷ್ಟು ಸಿಟ್ಟು ಉಳಿದಿದೆ ನೋಡು ಅದಕ್ಕೆ!"
ನಾನು ನಗುತ್ತಿದ್ದೆ.
ಜ್ಞಾನೋಪದೇಶದ ತರಗತಿಯಲ್ಲಿ ಯಾರೂ ಹೀಗೆ ಹೇಳಿರಲಿಲ್ಲ.

ಕುದಿ ಇಳಿದ ಮೇಲೆ ಹೊತ್ತುಕೊಂಡು ಹೋದೆ.
ಮೊದಲು ಮಾವನ ಶಿಲುಬೆ, ಒಂದು ತೋಳು ಮುರಿದದ್ದು.
ಆಮೇಲೆ ನಿನ್ನದು. ಇನ್ನೂ ಮರದ್ದೇ,
ಮಣ್ಣು ಕೂರುವ ತನಕ ಕಲ್ಲು ಇಡಬಾರದಂತೆ.
ಮರ ಸುಣ್ಣ ಕುಡಿಯುತ್ತದೆ, ಮೂರು ಸಲ ಬಳಿದೆ.
ರೆಮೆದಿನ್ ಬಾಯಿ ಮೇಣದಬತ್ತಿ ನೆಡುತ್ತಾ
"ಸುಣ್ಣ ಥೇಟ್ ಅವಳದೇ" ಅಂದಳು.
ನೀಲಿ ಹಾಕಿದ್ದೆ, ನಿನ್ನ ಲೆಕ್ಕದಲ್ಲೇ, ಚಿಟಿಕೆಗಿಂತ ಕಮ್ಮಿ.

ಇನ್ನು ಉಳಿದದ್ದು.
ಪ್ರತಿ ಸಲ ಅರ್ಧ ತಂಬಿಗೆ ಉಳಿಸಿಕೊಂಡು
"ನೀನು ಮನೆಗೆ ನಡೆ" ಅಂತ ಕಳಿಸುತ್ತಿದ್ದೆ.
ನಾಲ್ಕನೇ ವರ್ಷ ನಾನು ತಿರುಗಿ ನೋಡಿದೆ.
ಗೋಡೆಯ ಆಚೆ, ಮುಂಡಿಗೆಯ ಮೆಳೆಯ ಬುಡದಲ್ಲಿ
ಒಂದು ದುಂಡು ಕಲ್ಲಿಗೆ ಬಳಿಯುತ್ತಿದ್ದೆ,
ಕೂಸಿಗೆ ಎಣ್ಣೆ ಹಚ್ಚುವ ಹಾಗೆ, ಸಂದು ಬಿಡದೆ.
ಒಂದು ರಾತ್ರಿಯೂ ಪೂರ್ತಿ ಬದುಕದ್ದು.
ತಲೆಗೆ ನೀರು ಬೀಳುವ ಮೊದಲೇ ಹೋಯಿತೆಂದು
ಆಗಿನವರು ಆಚೆ ಹೂಳಿಸಿದ್ದರು.
ಮಗನೋ ಮಗಳೋ ನನಗೆ ಗೊತ್ತಿಲ್ಲ.
ನೀನು ಹೆಸರು ಇಟ್ಟಿರಬಹುದು, ಯಾರಿಗೂ ಹೇಳಲಿಲ್ಲ.
ನಾನೂ ಕೇಳಲಿಲ್ಲ. ಅದು ನನ್ನ ತಪ್ಪು.

ಈ ಕುಂಚವೂ ಆ ಮುಂಡಿಗೆಯದೇ ಬಿಳಲು, ನೀನೇ ಜಜ್ಜಿದ್ದು.

ಕತ್ತಲಾಗುತ್ತಿದೆ. ಗೋಡೆಗೆ ಕಾಲು ಹಾಕಿದೆ.
ಅಷ್ಟೇನೂ ಎತ್ತರವಿಲ್ಲ, ಮಾಂಯ್, ಮೊಣಕಾಲಿನ ತನಕ.
ಒಳಗೆ ನಿಂತಾಗ ಎತ್ತರ ಕಂಡಿತ್ತು.
ಬಂಡೆ ಉರುಳಿಸಿ ಎದ್ದು ಬಂದವನಿಗೆ
ಎರಡು ಸಾಲು ಚಿರೆಕಲ್ಲು ಯಾವ ಲೆಕ್ಕ?

ಕಲ್ಲು ಸಿಕ್ಕಿತು.
ಒಂದು ಬದಿಗೆ ಹೋದ ವರ್ಷದ ನಿನ್ನ ಬಿಳಿ ಇನ್ನೂ ಅಂಟಿದೆ.
ಅದರ ಮೇಲೇ ಬಳಿದೆ.
ಇಷ್ಟು ಹೊತ್ತಿಗೆ ನೀನು ಕಂಡಿರಬೇಕು.
ಬೆಳೆದಿದೆಯಾ? ಇಲ್ಲ, ಇನ್ನೂ ಅಷ್ಟೇ ಇದೆಯಾ,
ನಿನ್ನ ತೋಳಿಗೆ ಸರಿಯಾಗಿ?
ಏನೆಂದು ಕರೆದೆ?
ನಾನು ಬಂದಾಗ ಹೇಳು, ಮರೆಯಬೇಡ.

ಹಸಿ ಇರುವಾಗ ಸುಣ್ಣ ಬೂದು,
ಒಣಗಿದ ಮೇಲೇ ಬಿಳಿ. ಇದೂ ನೀನು ಹೇಳಿದ್ದೇ.
ಬೆಳಗಿನ ಪೂಜೆಗೆ ಬಂದಾಗ ನೋಡುತ್ತೇನೆ.
ಈಗ ಕೈ ಉರಿಯುತ್ತಿದೆ. ತೊಳೆಯಬೇಕು.